ಮೊದಲ ಸುತ್ತಿನ ಉಬ್ಬಸ

ಆಸ್ಪತ್ರೆಯ ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ ಅವಳನ್ನು ನಾವು ಸೀಟಿ ಅಕ್ಕ ಅನ್ನುತ್ತಿದ್ದೆವು. ಉಬ್ಬಸ ಬಂದರೆ ಎದೆಯೊಳಗಿಂದ ಸಣ್ಣಗೆ ಸೀಟಿ ಹೊಡೆದ ಸದ್ದು ಬರುತ್ತಿತ್ತು. ಹೆಸರಿಟ್ಟವಳು ನಾನೇ, ಇಸ್ತ್ರಿ ಮೇಜಿನವಳು.

ಸಾಮಾನಿನ ಲಿಫ್ಟ್ ಕೆಟ್ಟು ಎರಡು ತಿಂಗಳಾಗಿತ್ತು. ಒಗೆದ ಹಾಸುಗಳ ಗಂಟು ಹೊತ್ತು ನಾಲ್ಕನೇ ಮಹಡಿಗೆ ಮೆಟ್ಟಿಲಲ್ಲೇ ಹೋಗಬೇಕು. ಬೆಳಗಿನ ಮೊದಲ ಸುತ್ತು ಮುಗಿದ ಐದು ನಿಮಿಷಕ್ಕೆ ಅಕ್ಕನ ಎದೆ ಬಿಗಿಯುತ್ತಿತ್ತು. ಗೋಡೆಗೊರಗಿ ಅರ್ಧ ಗಂಟೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಎರಡನೇ ಸುತ್ತು, ಮೂರನೇ ಸುತ್ತು ಸಲೀಸು. ಊಟವಾದ ಮೇಲೆ ಮತ್ತೆ ಅದೇ ಪಾಡು.

ಸೂಪರ್‌ವೈಸರ್ ಕಣ್ಣಿಗೆ ಇದು ಬಿತ್ತು.

"ಒಂಬತ್ತಕ್ಕೆ ಜೀವ ಹೋಗೋ ಹಾಗೆ ಆಡ್ತೀಯ, ಹತ್ತಕ್ಕೆ ಕುದುರೆ ಹಾಗೆ ಹತ್ತುತ್ತೀಯ. ಯಾರ ಕಿವಿಗೆ ಹೂ ಇಡ್ತೀಯಮ್ಮ?"

ಅಷ್ಟು ಸಾಲದೆಂದು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ನಾಟಕ' ಎಂದು ಬರೆದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಆ ಸಂಜೆ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದಳು. "ನಿಜ ಹೇಳೇ, ನಾನು ನಾಟಕ ಆಡ್ತಿದೀನಾ? ನನಗೇ ಅನುಮಾನ ಬರ್ತಿದೆ."

ತನ್ನ ಉಸಿರನ್ನೇ ಅವಳು ನಂಬದ ಹಾಗೆ ಮಾಡಿಬಿಟ್ಟಿದ್ದ, ಆ ಮಹಾನುಭಾವ!

ಮರುದಿನ ಉಸಿರಾಟದ ಪರೀಕ್ಷೆ ಕೋಣೆಗೆ ಹಾಸು ಕೊಡಲು ಹೋದವಳು ಅಲ್ಲಿನ ಡಾಕ್ಟರಮ್ಮನನ್ನು ನೇರವಾಗಿ ಕೇಳಿದಳು. ಅವರು ಓಡುವ ಯಂತ್ರದ ಮೇಲೆ ಎಂಟು ನಿಮಿಷ ಓಡಿಸಿ ಕೊಳವೆಗೆ ಊದಿಸಿದರು. ಊದುವ ಬಲ ಕಾಲುಭಾಗ ಕುಸಿದಿತ್ತು. ಸುಧಾರಿಸಿಕೊಂಡ ಮೇಲೆ ಮತ್ತೆ ಅಷ್ಟೇ ಓಡಿಸಿದರು. ಈ ಸಲ ಕುಸಿದದ್ದು ಅದರ ಅರ್ಧವೂ ಇಲ್ಲ.

"ನಾಟಕ ಅಲ್ಲಮ್ಮ," ಎಂದರು ಡಾಕ್ಟರಮ್ಮ. "ದುಡಿದು ಒಂದು ಸಲ ಉಸಿರಿನ ನಾಳ ಬಿಗಿದರೆ, ಕೆಲವರಿಗೆ ಆಮೇಲೆ ಒಂದೆರಡು ಗಂಟೆ ಅಷ್ಟಾಗಿ ಬಿಗಿಯಲ್ಲ. ಹೊತ್ತು ಕಳೆದರೆ ಮತ್ತೆ ಮೊದಲಿನ ಹಾಗೇ. ಅದನ್ನ ನಂಬಿಕೊಂಡು ಹತ್ತಬೇಡಿ. ಹತ್ತೋ ಕಾಲು ಗಂಟೆ ಮುಂಚೆ ಈ ಇನ್ಹೇಲರ್ ತಗೊಳ್ಳಿ."

ಡಾಕ್ಟರಮ್ಮ ಇದನ್ನೆಲ್ಲ ಬರೆದುಕೊಟ್ಟ ಚೀಟಿ ಹಿಡಿದು ಬಂದವಳೇ ಅಕ್ಕ ಅದನ್ನು ಸೂಪರ್‌ವೈಸರ್ ಮುಂದೆ ಹಿಡಿದಳು. "ಜೋರಾಗಿ ಓದಿ ಸಾರ್. ಎಲ್ಲರೆದುರು ಅಂದ್ರಲ್ಲ, ಎಲ್ಲರೆದುರೇ ಓದಿ."

ಓದಿ ಮುಗಿಸಿ ಅವನು ಗೊಣಗಿದ: "ನನಗೇನಮ್ಮ ಗೊತ್ತಿತ್ತು?"

"ಗೊತ್ತಿಲ್ಲದಿದ್ರೆ ಕೇಳಬೇಕಿತ್ತು. ಬರೆಯೋದೊಂದೇ ಗೊತ್ತಿತ್ತಾ?"

ಹಾಜರಿ ಪುಸ್ತಕದಲ್ಲಿದ್ದ ಆ ಪದವನ್ನು ಹೊಡೆದುಹಾಕಿದ. ತಪ್ಪಾಯ್ತು ಅಂತ ಮಾತ್ರ ಬಾಯಿಬಿಡಲಿಲ್ಲ. ಉಸಿರಿನ ಡಾಕ್ಟರೇ ಇರುವ ಕಟ್ಟಡದಲ್ಲಿ ಉಬ್ಬಸದವಳು ತನ್ನ ಉಬ್ಬಸಕ್ಕೆ ತಾನೇ ಸಾಕ್ಷಿ ಹುಡುಕಬೇಕಾಯ್ತು!

ಈಗ ಔಷಧಿ ತೆಗೆದುಕೊಂಡು ಹತ್ತುತ್ತಾಳೆ. ಎದೆ ಬಿಗಿಯುವುದು ಅಪರೂಪ. ಮೊನ್ನೆ ನಮ್ಮಲ್ಲೊಬ್ಬ ಹಿರಿಯಳು "ಮಂಡಿ ನೋವು, ಇವತ್ತು ಆಗಲ್ಲ" ಎಂದಾಗ ಸೂಪರ್‌ವೈಸರ್ ಏನೋ ಅನ್ನಲು ಬಾಯಿ ತೆರೆದ. ಕೋಣೆಯಲ್ಲಿದ್ದ ನಾವು ಆರೂ ಜನ ಕೆಲಸ ಬಿಟ್ಟು ಎದ್ದು ನಿಂತೆವು. ಅಕ್ಕ ಒಂದು ಗಂಟು ಎತ್ತಿ ಅವನ ಕೈಗೇ ಕೊಟ್ಟಳು. ಹೊತ್ತುಕೊಂಡು ಮೆಟ್ಟಿಲು ಹತ್ತಿದ.