ತುತ್ತಿಗೊಬ್ಬ ಗುಮ್ಮ

ತುಪ್ಪ ಹಾಕಿ ಕಲಸಿದ ಬಿಸಿ ಅನ್ನದ ವಾಸನೆಗೆ ಯಾರಿಗಾದರೂ ಬಾಯಲ್ಲಿ ನೀರೂರಬೇಕು. ನನಗೆ ಮಾತ್ರ ಇಂದಿಗೂ ಎದೆ ಢವಢವ ಎನ್ನುತ್ತದೆ. ಕೆಂಗೇರಿ ಪಕ್ಕದ ಉಲ್ಲಾಳದಲ್ಲಿದ್ದ ನಮ್ಮ ಹೆಂಚಿನ ಮನೆಯ ಜಗಲಿ ಕಣ್ಣ ಮುಂದೆ ಬರುತ್ತದೆ. ಈಗಲ್ಲಿ ನಾಲ್ಕಂತಸ್ತಿನ ಕಟ್ಟಡವಿದೆ. ಜಗಲಿಯಿದ್ದ ಕಡೆ ಬೈಕುಗಳು ನಿಂತಿರುತ್ತವೆ. ಅಜ್ಜಿ ಅಲ್ಲಿ ತಟ್ಟೆ ಹಿಡಿದು ಕೂತು, ತುಪ್ಪ ಹಾಕಿದ ತಿಳಿಸಾರಿನ ಅನ್ನವನ್ನು ನುಣ್ಣಗೆ ಹಿಸುಕಿ ಬಾಯಿಗಿಡುತ್ತಿದ್ದಳು. ಊಟಕ್ಕೆ ನಾನು ಮಹಾ ಹಟಮಾರಿ. ಐದು ವರ್ಷ ತುಂಬಿದ್ದರೂ ತುತ್ತನ್ನು ದವಡೆಯಲ್ಲೇ ಇಟ್ಟುಕೊಂಡು ಕೂತುಬಿಡುತ್ತಿದ್ದೆ. ಆಗ ಅವಳು ಎದುರು ಮನೆಯ ಮಹಡಿಯತ್ತ ಬೆರಳು ತೋರಿಸುವಳು. ಆಫ್ರಿಕಾದಿಂದ ಓದಲು ಬಂದಿದ್ದ ಹುಡುಗನೊಬ್ಬ ಅಲ್ಲಿ ಬಾಡಿಗೆಗಿದ್ದ. "ನುಂಗ್ತೀಯೋ, ಆ ಗುಮ್ಮನ್ನ ಕರೀಲೋ?" ತುತ್ತು ತಾನಾಗಿ ಗಂಟಲಿಗಿಳಿಯುತ್ತಿತ್ತು. ನಿಮ್ಮ ಮನೆಯಲ್ಲೂ ಅಂಥ ಒಬ್ಬ ಗುಮ್ಮ ಇದ್ದಿರಬೇಕು. ಅಜ್ಜಿಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಈಗ ನೆನೆದರೆ ಅದಕ್ಕೇ ಹೆಚ್ಚು ಭಯವಾಗುತ್ತದೆ. ಪಾಪ, ಆ ಹುಡುಗ ನಮ್ಮನ್ನು ಕಂಡಾಗಲೆಲ್ಲ ಕೈ ಬೀಸುತ್ತಿದ್ದ.

ಒಂದು ಸಂಜೆ ಬೊಂಬಾಯಿ ಮಿಠಾಯಿಯವನ ಗಂಟೆಯ ಹಿಂದೆಯೇ ಹೋಗಿ, ಬಸ್ ಸ್ಟಾಪಿನ ಹತ್ತಿರ ದಾರಿ ತಪ್ಪಿದೆ. ಅಳುತ್ತ ನಿಂತಿದ್ದ ನನ್ನನ್ನು ಬಸ್ಸಿಳಿದ ಅವನು ಗುರುತು ಹಿಡಿದ. ಮಂಡಿಯೂರಿ, ತನಗೆ ಬರುತ್ತಿದ್ದ ಅಷ್ಟಿಷ್ಟು ಕನ್ನಡದಲ್ಲಿ "ಅಜ್ಜಿ ಮನೆ?" ಎಂದು ಕೈ ಚಾಚಿದ. ಕಿಟಾರನೆ ಕಿರುಚಿದೆ. ಜನ ಸೇರಿದರು. ಏನು ಮಾಡಿದ ಎಂದು ಯಾರೋ ಕೇಳಿದಾಗ, ನಾನು ನಂಬಿದ್ದನ್ನೇ ಹೇಳಿದೆ: "ನನ್ನ ಎತ್ಕೊಂಡು ಹೋಗ್ತಾನೆ." ಅಷ್ಟು ಸಾಕಾಯಿತು. ಮೊದಲ ಏಟು ಬಿದ್ದಾಗ ಅವನು ನನ್ನನ್ನೇ ನೋಡಿದ. ಗುಮ್ಮನೂ ಹೆದರುತ್ತಾನೆಂದು ಯಾರೂ ನನಗೆ ಹೇಳಿರಲಿಲ್ಲ. ನನ್ನನ್ನು ಹುಡುಕುತ್ತ ಓಡಿ ಬಂದ ಅಜ್ಜಿ ಗುಂಪಿನೊಳಗೆ ನುಗ್ಗಿ ಅವನಿಗೆ ಅಡ್ಡ ನಿಂತಳು. "ಬಿಡ್ರಪ್ಪಾ, ಅವನೇನೂ ಮಾಡಿಲ್ಲ. ಮಗೀಗೆ ಹಂಗಂತ ಹೇಳ್ಕೊಟ್ಟೋಳು ನಾನು." ಜನ ಗೊಣಗುತ್ತ ಚದುರಿದರು. ಅವನ ತುಟಿ ಒಡೆದಿತ್ತು. ಆ ವಾರವೇ ಕೋಣೆ ಖಾಲಿ ಮಾಡಿಕೊಂಡು ಹೋದ. ಆಮೇಲೆ ಅಜ್ಜಿ ಊಟದ ಹೊತ್ತಿಗೆ ಯಾರತ್ತಲೂ ಬೆರಳು ತೋರಿಸಲಿಲ್ಲ. ಅನ್ನ ಆರಿ ತಣ್ಣಗಾದರೂ ಸುಮ್ಮನೆ ಕಾಯುತ್ತಿದ್ದಳು. ಅವಳ ಕಡೆಯ ದಿನಗಳಲ್ಲಿ ನಾನು ಗಂಜಿ ಕುಡಿಸುವಾಗ, ಅವತ್ತು ಆ ಹುಡುಗ ಊಟ ಮಾಡಿದನೋ ಇಲ್ಲವೋ ಎಂದು ಕೇಳಿದ್ದಳು.

ಮೊನ್ನೆ ಕೆಂಗೇರಿಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಮಗಳಿಗೆ ಉಣ್ಣಿಸುತ್ತಿದ್ದೆ. ತುತ್ತು ದವಡೆಯಲ್ಲೇ ಕೂತಿತ್ತು. ಕೆಳಗೆ ಗೇಟಿನ ಬಳಿ ಅಸ್ಸಾಮಿನ ಕಡೆಯಿಂದ ಬಂದ ಹೊಸ ಸೆಕ್ಯುರಿಟಿಯವರೊಬ್ಬರು ನಿಂತಿದ್ದರು. ನನ್ನ ಬೆರಳು ಅವರತ್ತ ಎದ್ದೇಬಿಟ್ಟಿತ್ತು. ಅಜ್ಜಿ ಅಂದೇ ಆಡುವುದನ್ನು ಬಿಟ್ಟಿದ್ದ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಅದನ್ನು ನುಂಗಿಕೊಂಡೆ. ಮಗಳು ಬೆರಳು ತೋರಿದ ಕಡೆಗೇ ನೋಡಿ, "ಯಾರಮ್ಮಾ ಅವರು?" ಎಂದಳು. ನನಗೆ ಅವರ ಹೆಸರು ಗೊತ್ತಿರಲಿಲ್ಲ. ಎದುರು ಮನೆಯ ಆ ಹುಡುಗನ ಹೆಸರೂ ಕೊನೆಗೂ ಗೊತ್ತಾಗಲಿಲ್ಲ. ದೇವರೇ, ಇವಳ ಕಾಲಕ್ಕಾದರೂ ಇದು ಮುಗಿಯಲಿ ಎಂದುಕೊಂಡೆ.

"ಬಾ, ಅವರನ್ನೇ ಕೇಳ್ಕೊಂಡ್ ಬರೋಣ" ಎಂದೆ. ತಟ್ಟೆ ಹಿಡಿದುಕೊಂಡೇ ಅವಳ ಜೊತೆ ಮೆಟ್ಟಿಲಿಳಿದೆ.