ವಸಂತಿಯಕ್ಕನ ಐಸ್ ಡಬ್ಬಿ

ನಂಬುವುದಾದರೆ ನಂಬಿ, ಇಲ್ಲದಿದ್ದರೆ ಬಿಡಿ. ದೆವ್ವ ಗಿವ್ವ ಎಂದರೆ ಮುಖದ ಮೇಲೇ ನಗುವವಳು ನಾನು. ಆದರೆ ಇದು ನನ್ನ ಕಣ್ಣೆದುರೇ ಆದದ್ದು ಮಾರಾಯ್ರೆ.

ಕೆಮ್ಮಣ್ಣು ಎಂಬ ಊರಿನವಳು ನಾನು, ಮಣಿಪಾಲದ ಒಂದು ಲ್ಯಾಬಿನಲ್ಲಿ ಕೆಲಸ. ಮದ್ದು ಪರೀಕ್ಷೆ ಮಾಡಲಿಕ್ಕೆಂದು ರೋಗಿಗಳ ಗಡ್ಡೆಯ ಜೀವಕೋಶಗಳನ್ನು ಫ್ಲಾಸ್ಕಿನಲ್ಲಿ ಬೆಳೆಸುತ್ತೇವೆ. ಅವಕ್ಕೆ ಗ್ರೋತ್ ಫ್ಯಾಕ್ಟರ್ ಎಂಬ ಪ್ರೋಟೀನ್ ಹಾಕಬೇಕು. ಮನುಷ್ಯರ ಮೈಯಲ್ಲಿರುವಂಥದ್ದೇ, ಆದರೆ ಬ್ಯಾಕ್ಟೀರಿಯಾದೊಳಗೆ ತಯಾರಿಸಿದ್ದು. ಅದಿಲ್ಲದೆ ನಮ್ಮ ಕೋಶಗಳು ಬದುಕುವುದಿಲ್ಲ. ಹೆಪ್ಪುಗಟ್ಟಿಸಿಟ್ಟ ಆ ಪ್ರೋಟೀನ್ ಬೆಚ್ಚಗಾದರೆ ಕೆಡುತ್ತದೆಂದು ಐಸಿನಲ್ಲಿಟ್ಟೇ ಕರಗಿಸಬೇಕು. ನನಗೆ ಕೆಲಸ ಕಲಿಸಿದ ವಸಂತಿಯಕ್ಕ ಲ್ಯಾಬಿನ ಐಸ್ ಬಕೆಟ್ ಮುಟ್ಟುತ್ತಿರಲಿಲ್ಲ. ಐಸು ತುಂಬಲಿಕ್ಕೆ ಅವರಿಗೆ ತಮ್ಮ ಹಳೆಯ ಸ್ಟೀಲಿನ ತಿಂಡಿ ಡಬ್ಬಿಯೇ ಆಗಬೇಕು.

ಆಮೇಲೆ ಅಕ್ಕನಿಗೇ ಗಡ್ಡೆ ಬಂತು. ಆಪರೇಷನ್ ಮಾಡಿ ತೆಗೆದದ್ದರಲ್ಲಿ ಒಂದು ಚೂರನ್ನು ಸಹಿ ಹಾಕಿ ನಮ್ಮ ಲ್ಯಾಬಿಗೇ ಕೊಟ್ಟರು.

"ಯಾವ ಮದ್ದು ನಾಟುತ್ತದೆ ನೋಡುವ. ಅದನ್ನು ಹಸಿವೆಯಲ್ಲಿ ಇಡಬೇಡ, ಆಯ್ತಾ?" ಎಂದಿದ್ದರು, ಹಾಸಿಗೆಯಲ್ಲಿ ಮಲಗಿಕೊಂಡೇ.

ಯಾವ ಮದ್ದೂ ನಾಟಲಿಲ್ಲ. ಅಕ್ಕ ಹೋದರು. ಫ್ಲಾಸ್ಕಿನಲ್ಲಿ ಅದು ಮಾತ್ರ ಸೊಕ್ಕಿ ಬೆಳೆಯಿತು.

ನನಗೆ ಹೊಟ್ಟೆ ಉರಿಯಿತು. ಅಕ್ಕನನ್ನು ತಿಂದದ್ದಕ್ಕೆ ನಾನು ಉಣಿಸುವುದಾ? ಆ ವಾರ ದ್ರವ ಬದಲಿಸಲಿಲ್ಲ, ಪ್ರೋಟೀನ್ ಹಾಕಲೇ ಇಲ್ಲ. ಫ್ಲಾಸ್ಕಿನ ಗುಲಾಬಿ ದ್ರವ ಹಳದಿಯಾಯಿತು, ಕೋಶಗಳು ಸುಕ್ಕುಗಟ್ಟಿ ತೇಲತೊಡಗಿದವು. ಸಾಯಲಿ ಎಂದುಕೊಂಡೆ.

ಅದು ಪೂರ್ತಿ ಸತ್ತಿತಾ ನೋಡಲಿಕ್ಕೆಂದೇ ಒಂದು ರಾತ್ರಿಯ ಡ್ಯೂಟಿ ಕೇಳಿ ತೆಗೆದುಕೊಂಡೆ. ಹೊರಗೆ ಮಳೆ. ಬೀಗ ತೆಗೆದರೆ... ತಲೆನೋವಿನ ಮುಲಾಮಿನ ವಾಸನೆ. ಕೊನೆಕೊನೆಗೆ ಅಕ್ಕ ಹಣೆಗೆ ಹಚ್ಚುತ್ತಿದ್ದದ್ದು. ನಾವು ಕೋಶಗಳಿಗೆ ಉಣಿಸುವ ಗಾಜಿನ ಕಪಾಟಿನ ಫ್ಯಾನ್ ಗುಂಯ್ ಎನ್ನುತ್ತಿತ್ತು. ಲ್ಯಾಬಿನೊಳಗೆ ಯಾರೂ ಇರಲಿಲ್ಲ.

ಟಣ್... ಮುಚ್ಚಳ ಮುಚ್ಚಿದ ಶಬ್ದ.

ಮೇಜಿನ ಮೇಲೆ ಅಕ್ಕನ ಡಬ್ಬಿ. ಅಕ್ಕ ಹೋದ ಮೇಲೆ ಅದನ್ನು ಅವರ ಊರು ಕಾಪುವಿಗೆ ಹೋಗಿ ಅವರ ಅಮ್ಮನ ಕೈಗೆ ಕೊಟ್ಟು ಬಂದವಳು ನಾನೇ! ಮುಚ್ಚಳ ತೆಗೆದೆ. ಕರಗದ ಐಸು, ನಡುವೆ ಪ್ರೋಟೀನಿನ ಖಾಲಿ ಸೀಸೆ. ಫ್ಲಾಸ್ಕ್ ತೆಗೆದು ನೋಡಿದರೆ ದ್ರವ ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಹೊಸತಾಗಿ ಹಾಕಿದ ಹಾಗೆ.

"ಅಕ್ಕಾ... ಬಿಡಿ ಅಕ್ಕಾ, ಸಾಯಲಿ ಅದು," ಎಂದೆ.

ಫ್ಯಾನ್ ನಿಂತಿತು. ಅಷ್ಟೇ.

ಬೆಳಿಗ್ಗೆ ನೋಡಿದರೆ ಮೇಜು ಖಾಲಿ. ಕಾಪುವಿಗೆ ಫೋನ್ ಮಾಡಿ, ಡಬ್ಬಿ ಉಂಟಾ ಅಂತ ಕೇಳಿದೆ. ಅಕ್ಕನ ಅಮ್ಮ ಫೋನ್ ಹಿಡಿದೇ ಒಳಗೆ ಹೋಗಿ ನೋಡಿದರು.

"ಇಲ್ಲೇ ಉಂಟು ಮಗಾ. ಎಂತ ಅಂತ ಗೊತ್ತಿಲ್ಲ, ಮುಟ್ಟಿದರೆ ಕೈ ಮರಗಟ್ಟುವಷ್ಟು ತಣ್ಣಗೆ ಉಂಟು."

ಈಗ ನಾನು ಪ್ರೋಟೀನ್ ಹಾಕುವುದನ್ನು ಒಂದು ಸಲವೂ ತಪ್ಪಿಸುವುದಿಲ್ಲ. ನಾನು ತಪ್ಪಿಸಿದರೆ ಅಕ್ಕ ಡ್ಯೂಟಿಗೆ ಬರಬೇಕಾಗುತ್ತದೆ. ಸತ್ತ ಮೇಲಾದರೂ ಅವರು ಮಲಗಲಿ ಅಂತ, ಅವರನ್ನು ಕೊಂದದ್ದಕ್ಕೆ ನಾನೇ ಉಣಿಸುತ್ತೇನೆ. ಇವತ್ತಿನವರೆಗೂ ಅದಕ್ಕೆ ಒಂದು ಮದ್ದೂ ನಾಟಿಲ್ಲ.

ನಾನು ತಪ್ಪಿಸಿರಲಿಲ್ಲ, ಆದರೂ ಮೊನ್ನೆ ಬೀಗ ತೆಗೆಯುವಾಗ ಮುಲಾಮಿನ ವಾಸನೆ ಬಂತು...