ಪಡೆದುಕೊಂಡವರ ಸಹಿ

ಚಾಚಾ ಅವರ ಬಲ ಮಣಿಕಟ್ಟಿನ ಮೇಲೆ ಹಬೆ ಸುಟ್ಟ ಕಲೆಯಿತ್ತು. ಸುತ್ತಲಿನ ಚರ್ಮಕ್ಕಿಂತ ಬಿಳಿ, ನುಣುಪು. ಕಂಪ್ಯೂಟರಿನ ಮೌಸನ್ನು ಎರಡೇ ಬೆರಳಲ್ಲಿ ಹಿಡಿಯುತ್ತಿದ್ದರು, ಅದೂ ಬಿಸಿಯಿರಬಹುದೆಂಬಂತೆ.

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಹಬೆಯ ಕೊಳವೆಗಳನ್ನು ನೋಡಿಕೊಂಡಿದ್ದು ನಿವೃತ್ತರಾದ ಮೇಲೆ ಅವರು ಒಂದು ಹೋಮ್‌ಸ್ಟೇ ಬುಕಿಂಗ್ ಕೌಂಟರಿನಲ್ಲಿ ಕೂರುತ್ತಿದ್ದರು. ಕುಳಗಿ, ಜೋಯಿಡಾ ಕಡೆಯ ಕೋಣೆಗಳನ್ನು ಕಾಯ್ದಿರಿಸುವ ಆ ಜಾಲಪುಟ ಬರೆದವಳು ನಾನು. ಅದೇ ಕಟ್ಟಡದ ಮೇಲಿನ ಬಾಡಿಗೆ ಕೋಣೆಯಿಂದ ಕೆಲಸ ಮಾಡುತ್ತಿದ್ದೆ. ಸಹೋದ್ಯೋಗಿಗಳೆಲ್ಲ ಪರದೆಯ ಮೇಲಿನ ಹೆಸರುಗಳು. ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಚಾಚಾ ಒಬ್ಬರೊಂದಿಗೆ, ದಿನಕ್ಕೆ ಹೆಚ್ಚೆಂದರೆ ಹತ್ತು ಮಾತು. ಹೆಂಡತಿ ತೀರಿಕೊಂಡ ಮೇಲೆ ಅವರ ಮನೆಯಲ್ಲೂ ಯಾರೂ ಇರಲಿಲ್ಲ.

ಕೌಂಟರಿನಲ್ಲೂ ಅವರು ಕಾರ್ಖಾನೆಯ ರೀತಿಯ ಪಾಳಿ ಪುಸ್ತಕ ಇಟ್ಟಿದ್ದರು. ಪ್ರತಿ ಸಾಲಿನ ಕೊನೆಗೆ ಎರಡು ಕಾಲಂ: ಒಪ್ಪಿಸಿದವರ ಸಹಿ, ಪಡೆದುಕೊಂಡವರ ಸಹಿ. ಮೊದಲನೆಯದರಲ್ಲಿ ದಿನವೂ ಅವರ ಉರ್ದು ಸಹಿ. ಎರಡನೆಯದು ಖಾಲಿ. ಸಂಜೆ ಅವರಿಂದ ಕೆಲಸ ಪಡೆದುಕೊಳ್ಳುವವರು ಯಾರೂ ಇರಲಿಲ್ಲ.

ಇನ್ನೊಂದು ರೂಢಿಯೂ ಇತ್ತು. ಕಾರ್ಖಾನೆಯಲ್ಲಿ ಯಂತ್ರ ನಿಲ್ಲಿಸಿ ಮನೆಗೆ ಹೋಗುವಂತಿಲ್ಲ, ಓಡುತ್ತಿರುವುದನ್ನೇ ಮುಂದಿನವರಿಗೆ ಒಪ್ಪಿಸಬೇಕು. ಹಾಗಾಗಿ ಚಾಚಾ ಕಂಪ್ಯೂಟರಿನಲ್ಲಿ ಬುಕಿಂಗ್ ಪುಟವನ್ನು ಎಂದೂ ಮುಚ್ಚುತ್ತಿರಲಿಲ್ಲ. ಎರಡು ದಿನಕ್ಕೆ ಅದು ತೆವಳತೊಡಗುತ್ತಿತ್ತು. ಮೂರನೆಯ ದಿನ ಗಿರಾಕಿಯೆದುರು ನಿಂತೇಬಿಡುತ್ತಿತ್ತು.

"ಚಾಚಾಗ ವಯಸ್ಸಾತ್ರಿ, ಮೇಡಂ," ಎಂದು ಕೌಂಟರಿನ ಮಾಲೀಕರು ಅವರೆದುರೇ ನನಗೆ ಹೇಳಿದರು. "ಕೈ ಹಚ್ಚಿದ್ದೆಲ್ಲಾ ನಿಂತುಬಿಡತೈತಿ. ಬರೂ ತಿಂಗಳ ಬ್ಯಾರೇದವರನ್ನ ಕೂಡಸ್ತೇನಿ."

ಚಾಚಾ ಕನ್ನಡಕ ಒರೆಸುತ್ತಿದ್ದರು. ಮಾಲೀಕರು ಹೋದ ಮೇಲೆ ನಾನು ಸುಲಭದ ದಾರಿ ಹೇಳಿದೆ: "ದಿನಾ ಮುಂಜಾನೆ ಒಮ್ಮೆ ಬಂದ್ ಮಾಡಿ ತಗೀರಿ, ಚಾಚಾ. ಸಾಕು."

"ಬಂದ್ ಮಾಡಿ ಚಾಲೂ ಮಾಡೂದು ದುರಸ್ತಿ ಅಲ್ಲ, ಬೇಟಿ. ಎಲ್ಲೋ ಸೋರಾಕತ್ತೈತಿ."

"ನನ್ನ ಕಂಪ್ಯೂಟರಿನ್ಯಾಗ ಏನೂ ಆಗಂಗಿಲ್ಲಲ್ರಿ."

"ನೀ ಅದನ್ನ ಬಿಸಿ ಆಗಾಕ ಎಲ್ಲಿ ಬಿಡ್ತಿ? ಐದು ನಿಮಿಷಕ್ಕೊಮ್ಮೆ ಹೊಸಾದು ಮಾಡ್ತಿ."

ನಿಜ. ಸಣ್ಣ ತಿದ್ದುಪಡಿಗೂ ನಾನು ಪುಟವನ್ನು ಮತ್ತೆ ಲೋಡ್ ಮಾಡುತ್ತಿದ್ದೆ. ಪ್ರತಿ ಸಲವೂ ಅದು ಹಿಡಿದುಕೊಂಡ ಮೆಮೊರಿಯೆಲ್ಲ ಬಿಟ್ಟುಹೋಗಿ, ಸೋರಿಕೆಯ ಗುರುತೇ ಉಳಿಯುತ್ತಿರಲಿಲ್ಲ.

ಪುಟದಲ್ಲಿ ಬೇರೆಯವರು ಬರೆದ ಮೂರು ಸಿದ್ಧ ಭಾಗಗಳಿದ್ದವು: ನಕ್ಷೆ, ಫೋಟೊಗಳ ಪಟ್ಟಿ, ದಿನಾಂಕ ಆರಿಸುವ ಕ್ಯಾಲೆಂಡರ್. ಮೂರನ್ನೂ ಕಿತ್ತುಹಾಕಿ ನೋಡುತ್ತೇನೆಂದೆ.

"ಒಮ್ಮೆಲೆ ತಗೀಬ್ಯಾಡ. ತಗದ್ರ ಯಾವುದು ಅಂತ ತಿಳಿಯಂಗಿಲ್ಲ. ದಿನಕ್ಕೊಂದು ವಾಲ್ವ್."

ಪುಟ ಎಷ್ಟು ಮೆಮೊರಿ ಹಿಡಿದಿದೆಯೆಂದು ತೋರಿಸುವ ಅಂಕಿ ಎಲ್ಲಿದೆಯೆಂದು ಒಮ್ಮೆ ತೋರಿಸಿಕೊಟ್ಟೆ. ಗಂಟೆಗೊಮ್ಮೆ ಅವರು ಅದನ್ನು ಪುಸ್ತಕದಲ್ಲಿ ಬರೆದರು. ನಕ್ಷೆ ತೆಗೆದ ದಿನ ಅಂಕಿ ಏರುತ್ತಲೇ ಹೋಯಿತು. ಅದನ್ನು ಮರಳಿ ಹಾಕಿ ಫೋಟೊ ತೆಗೆದ ದಿನವೂ ಹಾಗೆಯೇ. ಕ್ಯಾಲೆಂಡರ್ ತೆಗೆದ ದಿನ ಅವರು ದಿನಾಂಕಗಳನ್ನು ಒಂದೊಂದೇ ಟೈಪ್ ಮಾಡಿದರು. ಸಂಜೆಯವರೆಗೆ ಅಂಕಿ ಕದಲಲಿಲ್ಲ.

"ಇಲ್ಲೇ ಐತಿ," ಎಂದರು, ತಲೆಯೆತ್ತದೆ.

ಆಮೇಲಿನದು ನನ್ನ ಕೆಲಸ. ಕ್ಯಾಲೆಂಡರನ್ನು ಇಪ್ಪತ್ತು ಸಲ ತೆರೆದು ಮುಚ್ಚಿ, ಮೊದಲಿನ ಮತ್ತು ನಂತರದ ಮೆಮೊರಿಯನ್ನು ಹೋಲಿಸಿದೆ. ಪರದೆಯ ಮೇಲೆ ಒಂದೂ ಇರಲಿಲ್ಲ; ಒಳಗೆ ಇಪ್ಪತ್ತೂ ಇದ್ದವು. ಕಿಟಕಿಯ ಅಳತೆ ಬದಲಾದಾಗ ತನಗೆ ತಿಳಿಸಬೇಕೆಂದು ಪ್ರತಿ ಕ್ಯಾಲೆಂಡರೂ ಬ್ರೌಸರಿಗೆ ಗಂಟು ಹಾಕಿಕೊಳ್ಳುತ್ತಿತ್ತು, ಮುಚ್ಚುವಾಗ ಬಿಚ್ಚುತ್ತಿರಲಿಲ್ಲ. ಗಂಟಿರುವುದನ್ನು ಬ್ರೌಸರ್ ಮೆಮೊರಿಯಿಂದ ಗುಡಿಸುವುದಿಲ್ಲ. ಅದನ್ನು ಬರೆದವರಿಗೆ ತಿಳಿಸಿದೆ. ಉತ್ತರ ಬರುವತನಕ ಇರಲೆಂದು, ಪ್ರತಿ ಸಲ ಹೊಸದನ್ನು ತೆರೆಯದೆ ಒಂದೇ ಕ್ಯಾಲೆಂಡರನ್ನು ಮತ್ತೆ ಮತ್ತೆ ಬಳಸುವಂತೆ ಮಾಡಿದೆ.

ಪುಟ ಒಂಬತ್ತು ದಿನ ಎಡೆಬಿಡದೆ ಓಡಿತು. ತಪ್ಪು ಚಾಚಾ ಅವರದಲ್ಲ, ನನ್ನ ಪುಟದ್ದು ಎಂದು ಮಾಲೀಕರಿಗೆ ಹೇಳಿದೆ. ಬರುವ ತಿಂಗಳ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

"ಬ್ಯಾರೇದವರ ಪೈಪಿಗೆ ನಿಂದ್ಯಾಕ ತಪ್ಪು?" ಎಂದರು ಚಾಚಾ.

"ಜೋಡಿಸಿದಾಕಿ ನಾನ ಅಲ್ರಿ?"

ಸದ್ದಿಲ್ಲದೆ ನಕ್ಕರು. ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಸುರಿದು ನನ್ನ ಕಡೆ ಸರಿಸಿದರು. ಇಬ್ಬರೂ ರಸ್ತೆ ನೋಡುತ್ತ ಕುಡಿದೆವು.

ಮಳೆಗಾಲ ಮುಗಿಯುವಾಗ ಎದೆನೋವೆಂದು ಹುಬ್ಬಳ್ಳಿಗೆ ಹೋದರು. ಮರಳಿ ಬಂದದ್ದು ಮಣ್ಣಿಗೆ. ನನಗೆ ತಿಳಿದದ್ದು ಮಾಲೀಕರು ಷಟರ್ ಅರ್ಧ ಎಳೆದಾಗ.

ಮೂರನೆಯ ದಿನ ಕೆಳಗೆ ಹೋದೆ. ಪುಟ ತೆರೆದೇ ಇತ್ತು, ಅಂಕಿ ಇದ್ದಲ್ಲೇ ಇತ್ತು. ಪುಸ್ತಕದ ಕೊನೆಯ ಸಾಲು: "ಚಾಲೂ ಐತಿ. ಸೋರಿಕಿ ಇಲ್ಲ. ಪ್ರಿಂಟರಿನ ಕಾಗದ ಮುಗೀಲಿಕ್ಕೆ ಬಂದೈತಿ, ನೋಡ್ರಿ." ಮುಂದೆ ಅವರ ಸಹಿ.

ಪಕ್ಕದ ಖಾಲಿ ಜಾಗದಲ್ಲಿ ನನ್ನ ಸಹಿ ಹಾಕಿದೆ. ಪ್ರಿಂಟರಿಗೆ ಕಾಗದ ತುಂಬಿ, ಪುಟವನ್ನು ಮುಚ್ಚದೆ ಮೇಲೆ ಹೋದೆ.